ಸಣ್ಣ ಹರಳು

ಚೀಲದಲ್ಲಿ ಎರಡೂ ಇದ್ದವು. ಮೇಲೆ ಮಾವನ ಕೊಂಬು, ಅದರ ತುಂಬ ಕೋವಿಗೆ ಹಾಕುವ ದಪ್ಪ ಹರಳಿನ ಕರಿಮದ್ದು. ಅಡಿಯಲ್ಲಿ ಬಟ್ಟೆಚೂರುಗಳ ನಡುವೆ ಒಂದು ಪುಟ್ಟ ತಗಡಿನ ಡಬ್ಬಿ, ಅದರಲ್ಲಿ ಸಣ್ಣ ಹರಳಿನದು. ಮನೆ ಬಿಡುವಾಗಲೇ ಎರಡರಲ್ಲೊಂದನ್ನು ತೆಗೆದಿಟ್ಟು ಬರಬೇಕಿತ್ತು, ಈಗ ನೋಡು, ಹೆಜ್ಜೆಗೊಮ್ಮೆ ಡಬ್ಬಿ ಕೊಂಬಿಗೆ ತಾಗಿ ಟಿಣ್ ಅನ್ನುತ್ತಿದೆ ಎಂದುಕೊಳ್ಳುತ್ತ ಅವಳು ಮಾವನ ಮೊಣಕೈ ಹಿಡಿದು ಮೈದಾನದ ಗೇಟು ದಾಟಿದಳು. ಮಾವನಿಗೆ ಕಣ್ಣು ಮಂಜಾದಷ್ಟೂ ಕಿವಿ ಚುರುಕಾಗಿತ್ತು. 'ಏನಮ್ಮಾ ಅದು ಸದ್ದು?' ಎಂದರು. 'ಕತ್ತರಿ, ಮಾವ.' 'ಗುಂಡು ಹೊಡೆಯೋಕೆ ಬರೋವಾಗ್ಲೂ ಕತ್ತರಿ ಬಿಡಲ್ಲವಲ್ಲ ನೀನು' ಎಂದು ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪೈಕಿ ಅವಳು. ಸುಳ್ಳು ಹೇಳಿದ್ದೇ ತಡ ಕಿವಿ ಬಿಸಿಯಾಯಿತು. ಮುಂದೆ ಭಾವ, ಅವಳ ಗಂಡನ ಅಣ್ಣ, ಕೋವಿಯನ್ನು ಹೆಗಲ ಮೇಲಿಟ್ಟುಕೊಂಡು ನಡೆಯುತ್ತಿದ್ದರು. ಇನ್ನೂ ಒಂದು ಗುಂಡೂ ಹಾರಿಲ್ಲ, ಆಗಲೇ ಅದು ತಮ್ಮದೇ ಅನ್ನುವ ನಡಿಗೆ. ಅದು ನಳಿಗೆಯ ಬಾಯಿಂದ ಮದ್ದು ಸುರಿದು, ಎಣ್ಣೆ ಸವರಿದ ಬಟ್ಟೆಯ ಬಿಲ್ಲೆಯಲ್ಲಿ ಸೀಸದ ಗುಂಡನ್ನು ಸುತ್ತಿ, ಕೋಲಿನಿಂದ ಒಳಕ್ಕೆ ತಳ್ಳಿ ಹೊಡೆಯುವ ಹಳೆಯ ಕಾಲದ ಕೋವಿ. ಅಂಥವನ್ನು ಹೊಡೆಯುವವರ ಕ್ಲಬ್ಬಿನ ಐವರ ಸಾಲಿನಲ್ಲಿ ಮಾವ ಅರ್ಧ ಆಯುಷ್ಯ ನಿಂತಿದ್ದರು. ಕಣ್ಣು ಕೈಕೊಟ್ಟ ಮೇಲೆ ಆ ಜಾಗಕ್ಕೆ ಮನೆಯವರೇ ಯಾರಾದರೂ ಬರಲಿ ಎಂದು ಕ್ಲಬ್ಬು ಬಿಟ್ಟುಕೊಟ್ಟಿತ್ತು. ಭಾವ ಹತ್ತು ಗುಂಡು, ಅವಳು ಹತ್ತು ಗುಂಡು, ಒಂದೇ ಕೋವಿ. 'ಸಾಲಲ್ಲಿ ನಿಂತೋರಿಗೇ ಕೋವಿ' ಎಂದು ಮಾವ ಊಟದ ಹೊತ್ತಿನಲ್ಲಿ ತೀರ್ಪು ಕೊಟ್ಟಿದ್ದರು. 'ಗೋಡೆಗೆ ನೇತುಹಾಕೋಕೆ ಅದೇನು ಕ್ಯಾಲೆಂಡರಾ?' ಭಾವನಿಗೆ ಹೋದರೆ ಅದು ಭಾವನ ಮನೆಗೆ ಹೋಗುತ್ತದೆ. ಅಲ್ಲಿಂದಾಚೆ ಅವಳಿಗೆ ಉಳಿಯುವುದು ಹೊಲಿಗೆ ಯಂತ್ರದ ಸದ್ದೊಂದೇ.

'ಶಬ್ದ ಬೇಕು ಅಂತಿದ್ರೆ ಹೇಳು, ನಾಲ್ಕು ಅಲಾರಾಂ ಒಟ್ಟಿಗೆ ಇಡ್ತೀನಿ' ಎಂದು ಬೆಳಿಗ್ಗೆ ಗಂಡ ತಮಾಷೆ ಮಾಡಿದ್ದ. ಗಡಿಯಾರ ರಿಪೇರಿ ಅವನ ಕೆಲಸ. ಟಿಕ್ ಟಿಕ್‌ಗಿಂತ ದೊಡ್ಡ ಸದ್ದನ್ನು ಅವನು ಜೀವನದಲ್ಲಿ ಬಯಸಿದವನಲ್ಲ. ಆದರೆ ಅವಳಿಗೆ ಬೇಕಾಗಿದ್ದದ್ದು ಸದ್ದಲ್ಲ. ಸ್ಕೂಲು ಮಕ್ಕಳ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಒಂದೇ ಬಣ್ಣದ ಬಟ್ಟೆಯನ್ನು ಒಂದೇ ಅಳತೆಗೆ ಕತ್ತರಿಸುತ್ತ ಕೂತವಳಿಗೆ, ಕೋವಿಯ ಕುದುರೆ ಎಳೆಯುವ ಮುಂಚಿನ ಆ ಒಂದು ಗಳಿಗೆ, ಜಗತ್ತಿನಲ್ಲಿ ಯಾರೂ ಏನನ್ನೂ ಕೇಳದ ಗಳಿಗೆ, ಅದು ಬೇಕಾಗಿತ್ತು. ಮಾವನಿಗೆ ಕೈ ನಡುಗಲು ಶುರುವಾದ ವರ್ಷ ಬಟ್ಟೆಬಿಲ್ಲೆ ಕತ್ತರಿಸಿಕೊಡು ಅಂದಿದ್ದರು. ಹಳೇ ಪಂಚೆ ಹರಿದು ಕೊಡುತ್ತಾಳೆ ಎಂದುಕೊಂಡಿದ್ದರೋ ಏನೋ, ಅವಳು ಹಾಸಿಗೆಯ ಮೇಲುಹೊದಿಕೆಗೆ ಬಳಸುವ ಒತ್ತು ನೇಯ್ಗೆಯ ಪಟ್ಟೆಪಟ್ಟೆ ಬಟ್ಟೆ ತಂದು, ನೀರಲ್ಲಿ ನೆನೆಸಿ ಗಂಜಿ ತೆಗೆದು, ದುಂಡಗೆ ಕತ್ತರಿಸಿಕೊಟ್ಟಿದ್ದಳು. ಮಾವ ಬಿಲ್ಲೆಯನ್ನು ಬೆರಳುಗಳ ನಡುವೆ ಎಳೆದು ನೋಡಿ 'ಹ್ಞೂಂ' ಅಂದಿದ್ದರು. ಅವರ ಬಾಯಿಂದ ಹ್ಞೂಂ ಬಂದರೆ ಬೇರೆಯವರು ಹಾರ ಹಾಕಿದ ಹಾಗೆ. ಬಿಲ್ಲೆಯಿಂದ ಎಣ್ಣೆಗೆ, ಎಣ್ಣೆಯಿಂದ ಗುಂಡಿಗೆ, ಕೊನೆಗೆ ಕೋವಿ ತುಂಬಿಕೊಡುವುದೇ ಅವಳ ಕೆಲಸವಾಯಿತು. ಆಗೀಗ ಮಾವ ಅವಳ ಕೈಗೂ ಕೋವಿ ಕೊಟ್ಟು ಹೊಡೆಸುತ್ತಿದ್ದರು. ಒಂದು ಮಾತ್ರ ಅವಳ ಕೈಯಲ್ಲಿರಲಿಲ್ಲ. 'ಮದ್ದು ಯಾವತ್ತಿದ್ರೂ ದಪ್ಪ ಹರಳು. ಅದು ನಿಧಾನ ಉರಿಯತ್ತೆ, ಗುಂಡನ್ನ ತಳ್ಳತ್ತೆ. ಸಣ್ಣದು ಒದೆಯತ್ತೆ. ತಳ್ಳೋದಕ್ಕೂ ಒದೆಯೋದಕ್ಕೂ ವ್ಯತ್ಯಾಸ ಇದೆಯಮ್ಮಾ.' ಮಾವ ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದನ್ನು ತೋರಿಸಹೋದವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

ಭಾವ ಮೇಜಿನ ಮುಂದೆ ನಿಂತು ಕೋಟಿನ ತೋಳು ಮಡಿಸಿದರು. ಮಾವ ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು. ಪ್ರತಿ ಸಲ ಗುಂಡು ತಳ್ಳಿದ ಮೇಲೆ ತಳ್ಳುಕೋಲನ್ನು ಹಾಗೇ ಬಿಟ್ಟು, ಅದರ ಮೇಲೆ ಕೊರೆದ ಗೆರೆ ನಳಿಗೆಯ ಬಾಯಿಗೆ ಸರಿಯಾಗಿ ಬಂದಿದೆಯೇ ಎಂದು ಮಾವ ಬೆರಳಾಡಿಸಿ ನೋಡುವುದು ರೂಢಿ. ಗೆರೆ ಬಾಯಿಗೆ ಬಂದರೆ ಮದ್ದೂ ಗುಂಡೂ ಸರಿ ಕೂತಿವೆ; ಮೇಲೆ ನಿಂತರೆ ಗುಂಡು ನಡುದಾರಿಯಲ್ಲಿ ಸಿಕ್ಕಿಕೊಂಡಿದೆ; ಒಳಗೆ ಮುಳುಗಿದರೆ ಮದ್ದೇ ಇಲ್ಲ. ಭಾವನ ಮೊದಲ ಗುಂಡುಗಳು ಚೆನ್ನಾಗಿ ಹೋದವು, ಆಮೇಲಾಮೇಲೆ ಕೋಲು ಇಳಿಯದೆ ಅವರು ಅಂಗೈಯಿಂದ ಗುದ್ದತೊಡಗಿದರು. ನಳಿಗೆಯೊಳಗೆ ಮಸಿ ಕಟ್ಟುತ್ತಿದೆ. ಅವಳಿಗೆ ಆ ಗುದ್ದಿನ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಮಾವನಿಗೆ ತುಂಬಿಕೊಡುತ್ತಿದ್ದಾಗಲೂ ಹೀಗೇ. ಗುಂಡು ಹಾರಿದ ಮೇಲೆ ಬಟ್ಟೆಬಿಲ್ಲೆಗಳು ನಾಲ್ಕು ಮಾರು ದೂರದ ಹುಲ್ಲಿನಲ್ಲಿ ಬಿದ್ದಿರುತ್ತವೆ. ಸೀಟಿ ಊದಿ ಎಲ್ಲರೂ ಕೋವಿ ಕೆಳಗಿಟ್ಟ ಮೇಲೆ ಅವಳು ಬಗ್ಗಿ ಅವುಗಳನ್ನು ಆಯುತ್ತಿದ್ದಳು. 'ಚಿಂದಿ ಆಯೋದಕ್ಕೆ ಇಷ್ಟು ದೂರ ಬರಬೇಕಾ?' ಎಂದು ಯಾರೋ ಕೇಳಿದ್ದರು, ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ಆದರೆ ಬಟ್ಟೆ ಅವಳ ಭಾಷೆ. ಬಿಲ್ಲೆಗಳ ಮೇಲೆ ಅಂಟಂಟು ಮಸಿ, ಅರೆಬೆಂದ ಹರಳು. ದಪ್ಪ ಹರಳು ಈ ಸಣ್ಣ ನಳಿಗೆಯೊಳಗೆ ಪೂರ್ತಿ ಉರಿಯುತ್ತಲೇ ಇರಲಿಲ್ಲ. ಮಾವನ ಗುಂಡುಗಳು ಅತ್ತಿತ್ತ ಹೋಗುತ್ತಿದ್ದವು, ಮಾವ 'ಕಣ್ಣು, ಕಣ್ಣು' ಅನ್ನುತ್ತಿದ್ದರು, ಅವಳು ಬಿಲ್ಲೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಕಣ್ಣಿನ ಪಾಲೆಷ್ಟು, ಮದ್ದಿನ ಪಾಲೆಷ್ಟು? ಆ ವರ್ಷ ಒಂದು ಮಾತು ಆಡಿದ್ದರೆ ಅವರು ಇನ್ನೊಂದು ವರ್ಷ ಸಾಲಿನಲ್ಲಿ ನಿಲ್ಲುತ್ತಿದ್ದರೇ? ಹೊಲಿಗೆಯ ಮಧ್ಯೆ, ಸಾರು ಕುದಿಯುವಾಗ, ಗಂಡ ಗೊರಕೆ ಹೊಡೆಯುವಾಗ ಆ ಪ್ರಶ್ನೆ ಬಂದು ಎದೆಯ ಮೇಲೆ ಕೂತುಬಿಡುತ್ತಿತ್ತು. ಭಾವ ಹತ್ತನೆಯ ಗುಂಡು ಹಾರಿಸಿ ಹಣೆ ಒರೆಸಿಕೊಂಡರು. ನೂರಕ್ಕೆ ಎಂಬತ್ತೆರಡು. ಜನ ಚಪ್ಪಾಳೆ ತಟ್ಟಿದರು.

'ಮುಂದೆ ಖಾಲಿಯಮ್ಮ' ಎಂದು ಸೀಟಿ ಮೇಷ್ಟ್ರು ಕೂಗಿದರು. ಸ್ಕೂಲಿನಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದು ನಿವೃತ್ತರಾದವರು. ಮೈದಾನದಲ್ಲಿ ಅವರ ಸೀಟಿಯೇ ಕಾನೂನು. ಹೆಸರಿಟ್ಟವರೂ ಅವರೇ. ಕಳೆದ ವರ್ಷ ಅವಳು ಇದೇ ಮೇಜಿನ ಮುಂದೆ ನಿಂತು, ಹರಳಿನ ಯೋಚನೆಯಲ್ಲೇ ಮುಳುಗಿ, ಮದ್ದು ಸುರಿಯುವುದನ್ನೇ ಮರೆತು ಬರೀ ಗುಂಡನ್ನು ತಳ್ಳಿಬಿಟ್ಟಿದ್ದಳು. ಮಾವನಿಗೆ ಅವತ್ತು ನೆಗಡಿ, ಬಂದಿರಲಿಲ್ಲ. ಕುದುರೆ ಎಳೆದರೆ ಮದ್ದಿಗೆ ಕಿಡಿ ಕೊಡುವ ಕೇಪು ಚಟ್ ಅಂದದ್ದಷ್ಟೆ. 'ಮದ್ದು ಹಾಕಿದೀನಿ, ಆಣೆ' ಎಂದು ಬೇರೆ ಹೇಳಿದ್ದಳು. ಆಮೇಲೆ ಕೋಲಿನ ತುದಿಗೆ ತಿರುಪು ಸಿಕ್ಕಿಸಿ, ಇಬ್ಬರು ಗಂಡಸರು ಎಳೆದು, ಗುಂಡನ್ನು ಹೊರಕ್ಕೆ ತೆಗೆದಿದ್ದರು. ಹಾಗೆ ಎಳೆದ ಗುಂಡನ್ನು ದಾರದಲ್ಲಿ ಪೋಣಿಸಿ ಟೀ ಶೆಡ್ಡಿನ ಮೊಳೆಗೆ ತೂಗುಹಾಕುವುದು ಕ್ಲಬ್ಬಿನ ಪದ್ಧತಿ, ಇನ್ನೊಬ್ಬರು ಖಾಲಿ ತುಂಬುವವರೆಗೆ. ವರ್ಷಪೂರ್ತಿ ಯಾರೂ ಖಾಲಿ ತುಂಬಿರಲಿಲ್ಲ. ಟೀ ಕುಡಿಯುವಾಗಲೆಲ್ಲ ನಡುವೆ ತೂತಾದ ಆ ಗುಂಡು ಅವಳ ಹಣೆಯ ನೇರಕ್ಕೇ ತೂಗುತ್ತಿತ್ತು. ಹೆಸರು ಕೇಳಿ ಈಗಲೂ ನಕ್ಕರು, ಕೆಟ್ಟ ನಗುವೇನಲ್ಲ, ಆದರೂ ಚೀಲದೊಳಕ್ಕೆ ಹೋದ ಅವಳ ಕೈ ಡಬ್ಬಿಯನ್ನು ಮುಟ್ಟಿ, ಬಿಟ್ಟು, ಕೊಂಬನ್ನು ಹಿಡಿದುಕೊಂಡಿತು.

ಮೊದಲ ಐದು ಗುಂಡು ದಪ್ಪ ಹರಳು. ಮಾವನ ಬೆರಳು ಬಂದು ಗೆರೆ ಮುಟ್ಟಿ 'ಸರಿ' ಅನ್ನುತ್ತಿತ್ತು, ಅವಳು ಹೊಡೆಯುತ್ತಿದ್ದಳು, ದಟ್ಟ ಹೊಗೆ ಎದುರಿಗೆ ಗೋಡೆ ಕಟ್ಟುತ್ತಿತ್ತು. ಮೂರನೆಯದಕ್ಕೆ ಕೋಲು ಬಿಗಿಯಿತು. ನಾಲ್ಕನೆಯದಕ್ಕೆ ಅವಳೂ ಭಾವನ ಹಾಗೆ ಗುದ್ದಿದಳು, ಅಷ್ಟು ಬಲ ಅವಳಿಗೆಲ್ಲಿ, ಅಂಗೈ ಕೆಂಪಾಯಿತು, ಆ ಕೈಯಲ್ಲೇ ಗುರಿ ಹಿಡಿದರೆ ಗುರಿ ನಡುಗಿತು. ಅರ್ಧ ಮುಗಿದು ಸೀಟಿ ಕೂಗಿತು. ಮೇಷ್ಟ್ರು ಗುರಿಹಾಳೆ ತಂದು ಓದಿದರು. ಐವತ್ತಕ್ಕೆ ಮೂವತ್ತಾರು. 'ಪರವಾಗಿಲ್ಲ, ಹೆಂಗಸರಿಗೆ ಇದೇ ಜಾಸ್ತಿ' ಎಂದರು ಭಾವ, ಸಮಾಧಾನದ ದನಿಯಲ್ಲಿ. ಬೈದಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ. ಉಳಿದ ಐದರಲ್ಲಿ ನಲವತ್ತೇಳು ಬೇಕು, ಅದೂ ಈ ಮದ್ದಿನಲ್ಲಿ! ಅವಳು ಒದ್ದೆ ಬಟ್ಟೆ ಹಾಕಿ ನಳಿಗೆ ಒರೆಸತೊಡಗಿದಳು. ಹೊರಬಂದ ಬಟ್ಟೆ ಕಾಡಿಗೆಯ ಹಾಗಿತ್ತು. ಆ ಬುಧವಾರದ ಬಟ್ಟೆ ಹೀಗಿರಲಿಲ್ಲ.

ಹೋದ ತಿಂಗಳ ಆ ಬುಧವಾರ ಮಾವ ಊಟ ಮಾಡಿ ಮಲಗಿದ್ದರು. ಅವಳು ಕೋವಿಯನ್ನು ಪರದೆ ಬಟ್ಟೆಯಲ್ಲಿ ಸುತ್ತಿ ಬಸ್ಸು ಹತ್ತಿದ್ದಳು. 'ಏನಮ್ಮಾ ಇದು ಇಷ್ಟುದ್ದ?' ಎಂದ ಕಂಡಕ್ಟರಿಗೆ 'ಪರದೆ ಕಂಬಿ' ಅಂದಿದ್ದಳು. ಸ್ವಂತ ಮನೆಯಲ್ಲೇ ಕಳ್ಳತನ. ಸಣ್ಣ ಹರಳು ಕ್ಲಬ್ಬಿನ ಉಗ್ರಾಣದಲ್ಲೇ ಸಿಗುತ್ತಿತ್ತು, ಪಿಸ್ತೂಲಿನವರು ಒಯ್ಯುತ್ತಿದ್ದರು. ಖಾಲಿ ಮೈದಾನದಲ್ಲಿ ಅದನ್ನು ಮಾವನ ಅಳತೆಯಲ್ಲೇ ತುಂಬಿ ಹೊಡೆದರೆ ಕೋವಿ ಭುಜಕ್ಕೆ ಒದೆಯಿತು, ಗುಂಡು ಎಲ್ಲಿ ಹೋಯಿತೋ ದೇವರೇ ಬಲ್ಲ, ಹುಲ್ಲಿನಲ್ಲಿ ಸಿಕ್ಕ ಬಿಲ್ಲೆಯ ನಡುವೆ ಸುಟ್ಟು ತೂತಾಗಿತ್ತು. ಮಾವ ಹೇಳಿದ್ದು ಅಕ್ಷರಶಃ ನಿಜ ಎಂದು ಅಲ್ಲೇ ಕೂತುಬಿಟ್ಟಿದ್ದಳು. ಆದರೆ ಮಾವ ಅದನ್ನು ಹೇಳಿದ್ದು ಯಾವಾಗ? ಹೆಬ್ಬೆರಳು ತೂರುವಷ್ಟು ಅಗಲ ನಳಿಗೆಯ ಹಳೆಯ ಕೋವಿ ಇದ್ದಾಗ. ಅದು ಸವೆದು ಹೋಗಿ ಈ ಕಿರುಬೆರಳಿನ ನಳಿಗೆ ಮನೆಗೆ ಬಂತು, ಮಾತು ಮಾತ್ರ ಹಳೆಯದೇ ಉಳಿಯಿತು. ಅಣ್ಣನ ಅಂಗಿ ತಮ್ಮನಿಗೆ ತೊಡಿಸಿದ ಹಾಗೆ. ತಮ್ಮನ ಅಂಗಿಗೆ ಹೊಸ ಬಟ್ಟೆ ಬೇಡ, ಅಳತೆ ತಗ್ಗಿಸಿದರೆ ಸಾಕು ಅನ್ನುವುದು ದರ್ಜಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವಳು ಮದ್ದನ್ನು ಚೂರು ತಗ್ಗಿಸಿದಳು, ಇನ್ನೂ ಚೂರು ತಗ್ಗಿಸಿದಳು. ಕೊನೆಗೊಂದು ಬಿಲ್ಲೆ ಇಡಿಯಾಗಿ ಸಿಕ್ಕಿತು, ನಡುವೆ ತಿಳಿಕಂದು ಉಂಗುರ, ಅಂಚಿನಲ್ಲಿ ಎಳೆಯೂ ಬಿಚ್ಚಿರಲಿಲ್ಲ. ಗುಂಡುಗಳು ಒಂದರ ಪಕ್ಕ ಒಂದು ಕೂತವು. ಆಗ ಅವಳು ಒಂಟಿಯಾಗಿ ನಿಂತು ನಕ್ಕಿದ್ದಳು. ಒಂದೇ ಒಂದು ಕೆಲಸ ಮಾಡಲಿಲ್ಲ. ಮದ್ದು ಕಡಿಮೆಯಾದರೆ ಕೋಲು ಅಷ್ಟು ಆಳಕ್ಕೆ ಇಳಿಯುತ್ತದೆ, ಕೋಲಿನ ಮೇಲೆ ಹೊಸ ಗೆರೆ ಬೇಕು. ಮೊಳೆ ಹಿಡಿದು ಕೂತಿದ್ದಳು, ಕೊರೆಯಲು ಕೈ ಬರಲಿಲ್ಲ. ಮಾವನ ಕೋಲಿನ ಮೇಲೆ ತನ್ನ ಗೆರೆ! ಅದಕ್ಕಿಂತ ಅವರ ಮುಖಕ್ಕೆ ಹೇಳುವುದೇ ಸುಲಭವಾಗಿತ್ತು. ಅದನ್ನೂ ಹೇಳಿರಲಿಲ್ಲ.

ಮೇಷ್ಟ್ರು ಸೀಟಿ ಊದಿದರು. ಅವಳು ಡಬ್ಬಿಯ ಮುಚ್ಚಳ ತೆಗೆದಳು. ತೀರ್ಮಾನ ಮಾಡಿದ್ದು ಯಾವಾಗ ಎಂದು ಕೇಳಿದರೆ ಅವಳಿಗೇ ಗೊತ್ತಿಲ್ಲ, ಬಹುಶಃ 'ಹೆಂಗಸರಿಗೆ' ಅನ್ನುವ ಪದ ಕೇಳಿದಾಗಲೇ ಆಗಿಹೋಗಿತ್ತು. ಅಳೆದಳು, ಸುರಿದಳು, ಬಿಲ್ಲೆ, ಗುಂಡು, ಕೋಲು. ಕೋಲು ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಮಾವನ ಬೆರಳು ಬಂತು. ನಳಿಗೆಯ ಬಾಯಿಯ ಸುತ್ತ ಒಂದು ಸಲ ತಿರುಗಿತು, ಮತ್ತೆ ತಿರುಗಿತು. ಗೆರೆ ಇಲ್ಲ. ಮಾವನ ಮುಖ ಬಿಳಿಚಿಕೊಂಡಿತು. ಅವರು ಮೆಲ್ಲಗೆ ಹೇಳಬೇಕೆಂದೇ ಇದ್ದರು, ಆದರೆ ಕಿವಿ ಮಂದವಾದವರ ನಡುವೆ ಬದುಕಿದ ಗಂಟಲು, ಮೈದಾನಕ್ಕೆಲ್ಲ ಕೇಳಿಸಿತು: 'ಖಾಲಿ ಕಣಮ್ಮಾ.'

ನಗು ಸಾಲಿನ ಈ ತುದಿಯಿಂದ ಆ ತುದಿಗೆ ಹೋಯಿತು. 'ಮತ್ತೆ ಖಾಲಿ!' 'ಆ ಗುಂಡಿಗೆ ಜೊತೆ ಸಿಕ್ತು ಬಿಡಿ!' ಮೇಷ್ಟ್ರು ಹತ್ತಿರ ಬಂದು, 'ಕೋವಿ ಕೆಳಗಿಡಮ್ಮಾ, ಎಳೆದು ತೆಗೆಯೋಣ. ಒಂದು ಗುಂಡು ಹೋಯ್ತು ಅಂತ ಇಟ್ಕೋ. ಇಲ್ಲ, ತುಂಬಿದೆ ಅಂತೀಯಾ, ನಿನ್ನಿಷ್ಟ, ಹೊಡಿ. ಆದ್ರೆ ಚಟ್ ಅಂದ್ರೆ ಈ ವರ್ಷ ಸಾಲಿನ ಮಾತೇ ಇಲ್ಲ, ಗೊತ್ತಲ್ಲ?' ಎಂದರು. ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿಲ್ಲದ್ದು ಒಂದೇ: ಸುರಿದಿದ್ದಳೇ? ಈಗತಾನೇ, ಈ ಕೈಯಿಂದಲೇ? ಕಳೆದ ವರ್ಷವೂ ಸುರಿದ ನೆನಪು ಇಷ್ಟೇ ಸ್ಪಷ್ಟವಾಗಿತ್ತು, ಹರಳು ಜಾರುವ ಸರ್ರನೆ ಸದ್ದು ಸಮೇತ. ಮನಸ್ಸು ತನಗೆ ಬೇಕಾದ್ದನ್ನು ಹೊಲಿದುಕೊಡುವ ದರ್ಜಿ, ಅಳತೆ ಕೊಡದಿದ್ದರೂ ಹೊಲಿದುಕೊಡುತ್ತದೆ. ಅವಳು ಡಬ್ಬಿ ನೋಡಿದಳು. ಅದರಲ್ಲಿ ಮೊದಲೆಷ್ಟಿತ್ತೋ ಯಾರು ಕಂಡರು. ಮಾವನ ಮುಖ ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ, ಸೊಸೆಗೆ ಮತ್ತೆ ಅವಮಾನವಾಯಿತಲ್ಲ ಅನ್ನುವ ಸಂಕಟವಿತ್ತು, ಅದನ್ನು ನೋಡಲಾರದೆ ಅವಳ ಕಣ್ಣು ನಳಿಗೆಯ ಬಾಯಿಗೆ ಇಳಿಯಿತು. ಬಗ್ಗಿ, ಮುಖವನ್ನು ಪಕ್ಕಕ್ಕೆ ಇಟ್ಟುಕೊಂಡು, ಕಿರುಬೆರಳಿನ ಉಗುರನ್ನು ಕೋಲಿನ ಗುಂಟ ಒಳಕ್ಕೆ ತೂರಿಸಿದಳು. ಉಗುರಿಗೆ ಗೆರೆ ಸಿಕ್ಕಿತು. ಮದ್ದಿಲ್ಲದಿದ್ದರೆ ಗೆರೆ ಎರಡು ಬೆರಳಿನಷ್ಟು ಆಳಕ್ಕೆ ಹೋಗಬೇಕು. ಇದು ಉಗುರಿನಷ್ಟು. ತಗ್ಗಿಸಿದ ಅಳತೆ ಎಷ್ಟೋ ಅಷ್ಟು. ಇಪ್ಪತ್ತು ವರ್ಷ ಬಟ್ಟೆ ಅಳೆದ ಬೆರಳು ನೆನಪಿನ ಹಾಗೆ ಸುಳ್ಳು ಹೇಳುವುದಿಲ್ಲ.

'ತುಂಬಿದೆ' ಎಂದಳು.

'ನಿನ್ನ ಮಾವನೇ ಖಾಲಿ ಅಂತಿದಾರಲ್ಲಮ್ಮಾ' ಎಂದರು ಮೇಷ್ಟ್ರು.

'ಮಾವ ತಪ್ಪು ಹೇಳ್ತಿದಾರೆ.'

ಆ ಮಾತು ಬಾಯಿಂದ ಹೊರಬಿದ್ದಾಗ ಗುಂಡು ಹಾರಿದ್ದಕ್ಕಿಂತ ಹೆಚ್ಚು ಸದ್ದಾಯಿತೆಂದು ಅವಳಿಗನ್ನಿಸಿತು. ಮದುವೆಯಾಗಿ ಬಂದಾಗಿನಿಂದ ಇದನ್ನು ಆ ಮನೆಯಲ್ಲಿ ಯಾರ ಬಾಯಿಂದಲೂ ಕೇಳಿರಲಿಲ್ಲ. ಭಾವ 'ಏಯ್' ಅಂದರು. ಅವಳು ಕೋಲು ಎಳೆದು ಮೇಜಿನ ಮೇಲಿಟ್ಟು, ಸಾಲಿಗೆ ಹೋಗಿ, ಕೇಪು ಕೂರಿಸಿ, ಕೋವಿ ಎತ್ತಿದಳು. ಬಿಳಿಯ ನಡುವೆ ಕಪ್ಪು ಚುಕ್ಕೆ. ಯಾರೂ ಏನನ್ನೂ ಕೇಳದ ಆ ಗಳಿಗೆ ಬಂತು. ಭಯವೂ ಇರಲಿಲ್ಲ. ಕುದುರೆ ಎಳೆದಳು.

ಢಣ್! ದಪ್ಪ ಹರಳಿನ ಧುಮ್ ಅಲ್ಲ, ಕಬ್ಬಿಣಕ್ಕೆ ಸುತ್ತಿಗೆ ಕೊಟ್ಟಂಥ ಚೊಕ್ಕ ಸದ್ದು. ಹೊಗೆ ತೆಳ್ಳಗೆ ಎದ್ದು ಗಾಳಿಗೆ ಹೋಯಿತು. ಮೇಷ್ಟ್ರು ದುರ್ಬೀನಿಗೆ ಕಣ್ಣಿಟ್ಟು, ತೆಗೆದು, ಗಾಜು ಒರೆಸಿ, ಮತ್ತೆ ಇಟ್ಟರು. 'ಹತ್ತು' ಎಂದರು, ತಮಗೇ ಹೇಳಿಕೊಂಡಂತೆ. ನಕ್ಕವರು ಈಗ ಕೆಮ್ಮಿದರು.

ಅವಳು ಎರಡನೆಯದನ್ನು ತುಂಬಿದಳು. ಕೋಲು ಮತ್ತೆ ಗೆರೆ ದಾಟಿ ಮುಳುಗಿತು. ಮಾವನ ಬೆರಳು ಮತ್ತೆ ಬಂತು, ಬಾಯಿಯ ಸುತ್ತ ತಿರುಗಿ ನಿಂತಿತು. ನಡುಗುವ ಆ ಬೆರಳಿನ ಉಗುರು ನಿಧಾನಕ್ಕೆ ಕೋಲಿನ ಗುಂಟ ಒಳಗಿಳಿಯಿತು, ಅಲ್ಲೇನನ್ನೋ ಮುಟ್ಟಿತು. ಮಾವ ತಲೆ ಎತ್ತಿ ಮೇಷ್ಟ್ರ ದನಿ ಬಂದ ದಿಕ್ಕಿಗೆ ಮುಖ ತಿರುಗಿಸಿ, 'ತುಂಬಿದೆ' ಎಂದು ಕೂಗಿದರು. ಒಂಬತ್ತು. ಮೂರನೆಯದಕ್ಕೂ ಅವರೇ ಕೂಗಿದರು, ಇನ್ನೂ ಜೋರಾಗಿ. ಹತ್ತು. ಕೋಲು ಬಿಗಿಯಲಿಲ್ಲ, ಅಂಗೈ ಗುದ್ದಬೇಕಾಗಲಿಲ್ಲ. ನಾಲ್ಕನೆಯದು ಹಾರುವಾಗ ಅವಳಿಗೆ ಗುರಿಯನ್ನು ಹುಡುಕಬೇಕೆಂದೇ ಅನ್ನಿಸಲಿಲ್ಲ, ಗುಂಡಿಗೆ ದಾರಿ ಗೊತ್ತಿತ್ತು. ಐದನೆಯದರ ಹೊಗೆ ಹೋಗುವ ಮೊದಲೇ ಮೇಷ್ಟ್ರು ಸೀಟಿ ಊದಿಬಿಟ್ಟರು. ಹಾಳೆ ತಂದು ಮೇಜಿನ ಮೇಲೆ ಹರಡಿದರು. ನಲವತ್ತೊಂಬತ್ತು. ಎಲ್ಲ ಸೇರಿ ಎಂಬತ್ತೈದು. 'ಐದು ತೂತು ಒಂದು ಟೀ ಲೋಟದ ಕೆಳಗೆ ಮುಚ್ಚಿಹೋಗತ್ತೆ ಕಣ್ರೀ' ಎಂದು ಯಾರೋ ನಿಜವಾಗಿಯೂ ಲೋಟ ತಂದು ಇಟ್ಟು ನೋಡಿದರು. ಅವಳಿಗೆ ಹಿಗ್ಗು ತಡೆಯಲಾಗಲಿಲ್ಲ. ಮೂಗಿನ ತುದಿಯಲ್ಲಿ ಮಸಿ, ಬಾಯಲ್ಲಿ ಗಂಧಕದ ರುಚಿ, ಕೆಂಪಾದ ಅಂಗೈ, ಇವುಗಳ ಸಮೇತ ಅವಳು ಗಟ್ಟಿಯಾಗಿ ನಕ್ಕಳು, ನಾಚಿಕೆಯಿಲ್ಲದೆ ನಕ್ಕಳು, ತಾನು ಗೆದ್ದೆ ಎಂದು ತಾನೇ ಬಾಯಿಬಿಟ್ಟು ಹೇಳಿದಳು.

ಭಾವ ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದರು. 'ಮದ್ದು ಬೇರೆ ಹಾಕಿದಾಳೆ. ಇದು ಲೆಕ್ಕಕ್ಕೆ ಬರಲ್ಲ' ಎಂದರು. ಮೇಷ್ಟ್ರು ತಲೆ ಅಲ್ಲಾಡಿಸಿ, 'ಯಾವ ಹರಳು ಹಾಕ್ಬೇಕು ಅನ್ನೋದು ಹೊಡೆಯೋರ ಇಷ್ಟ ಸ್ವಾಮಿ, ಯಾವತ್ತಿಂದಲೂ' ಎಂದರು. ಭಾವ ಮಾವನ ಕಡೆ ನೋಡಿದರು. ಎಲ್ಲರೂ ನೋಡಿದರು. ಮಾವ ಸ್ಟೂಲಿನಲ್ಲಿ ಕೂತು ತಗಡಿನ ಡಬ್ಬಿಯನ್ನು ಮೇಜಿನ ಮೇಲೆ ತಡವಿ ಹುಡುಕಿ, ಚಿಟಿಕೆ ಮದ್ದನ್ನು ಬೆರಳುಗಳ ನಡುವೆ ಉಜ್ಜುತ್ತಿದ್ದರು. 'ಯಾವಾಗಿಂದ ಗೊತ್ತಮ್ಮಾ ನಿನಗೆ?' ಎಂದು ಕೇಳಿದರು. ಬೇರೆ ಏನಾದರೂ ಹೇಳಬಹುದಿತ್ತು. 'ನೀವು ಸಾಲಲ್ಲಿ ಇದ್ದಾಗ್ಲಿಂದ, ಮಾವ. ನಿಮ್ಮ ಬಿಲ್ಲೆ ನೋಡಿ' ಎಂದಳು. ಮಾವ ಬಹಳ ಹೊತ್ತು ಉಜ್ಜಿದರು. 'ಹೇಳಿದ್ರೆ ಕೇಳ್ತಿರಲಿಲ್ಲ ನಾನು' ಎಂದರು ಕೊನೆಗೆ. 'ಅದೂ ನಿನಗೆ ಗೊತ್ತಿತ್ತು.' ಎದೆಯ ಮೇಲೆ ವರ್ಷಗಟ್ಟಲೆ ಕೂತಿದ್ದದ್ದು ಎದ್ದು ಹೋದದ್ದು ಅವಳಿಗೆ ಗೊತ್ತಾಯಿತು. ಮಾವ ಮದ್ದು ಅಳೆಯುವ ಕೊಳವೆಯನ್ನು ಕೈಗೆತ್ತಿಕೊಂಡು ಅದರ ಬಾಯಿಗೆ ಹೆಬ್ಬೆರಳು ಇಟ್ಟರು.

'ಸಾಲಲ್ಲಿ ನಿಂತೋರು ತಾವೇ ತುಂಬ್ಕೊಂಡ್ರೆ ಕೈ ಸೋಲತ್ತೆ. ಇನ್ಮೇಲೆ ನಾನು ತುಂಬಿಕೊಡ್ತೀನಿ. ಎಷ್ಟು ಹಾಕ್ಲಿ, ಹೇಳು.'

ಅವಳು ಅವರ ಹೆಬ್ಬೆರಳನ್ನು ಹಿಡಿದು ಕೊಳವೆಯ ಮೇಲೆ ಕೆಳಕ್ಕೆ ಸರಿಸಿ ನಿಲ್ಲಿಸಿದಳು. 'ಇಲ್ಲೀತನಕ.'

'ಕಡಿಮೆ ಆಯ್ತು ಕಣಮ್ಮಾ' ಎಂದರು ಮಾವ ತಟ್ಟನೆ. 'ಒಂದು ಚೂರು ಮೇಲೆ—'

'ಮಾವ, ಕೋವಿ ಯಾರದು?'

ಮಾವನ ಹುಬ್ಬು ಗಂಟಿಕ್ಕಿತು, ಬಾಯಿ ತೆರೆಯಿತು, ಮುಚ್ಚಿತು.

'ನಿನ್ನದು' ಎಂದರು, ಹೆಬ್ಬೆರಳನ್ನು ಇದ್ದಲ್ಲೇ ಒತ್ತಿ ಹಿಡಿದು.